ಹೊಕ್ಕುಳ ಸುತ್ತಲಿನ ಸಮೀಕ್ಷೆ

ಹೋದ ತಿಂಗಳು ಶ್ರೀರಂಗಪಟ್ಟಣದ ಪೇಟೆಬೀದಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಸಾಣೆ ಹಿಡಿಯುವವನೊಬ್ಬ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಪೆಡಲು ತುಳಿದು, ಯಾರದೋ ಮನೆಯ ಈಳಿಗೆಮಣೆಯ ಅಲಗನ್ನು ಕಲ್ಲಿಗೆ ಕೊಟ್ಟ. ನೀರು ಬಿದ್ದ ಕಲ್ಲೂ ಕಾವೇರಿದ ಕಬ್ಬಿಣವೂ ಸೇರಿದಾಗ ಏಳುವ ಒಂದು ವಾಸನೆಯಿದೆ. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ನನ್ನ ಅಪ್ಪಣೆಗೂ ಕಾಯದೆ ಹೊಟ್ಟೆಯನ್ನು ಮುಚ್ಚಿಕೊಂಡಿತು. ಪಕ್ಕದಲ್ಲಿದ್ದ ಹೆಂಗಸು, "ಯಾಕವ್ವಾ, ಹೊಟ್ಟೆನೋವಾ?" ಎಂದು ಕೇಳಿದರು. ನೋವಲ್ಲ, ನೆನಪು ಎಂದು ಹೇಳಿದ್ದರೆ ಆಕೆ ಎರಡು ಹೆಜ್ಜೆ ದೂರ ಸರಿಯುತ್ತಿದ್ದರು. ಹೌದು ಎಂದುಬಿಟ್ಟೆ.

ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲದ ನೆನಪು ಅದು. ಮೈಸೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿದ್ದೆ. ಆಗ ನನ್ನ ಬಳಿ ಇದ್ದ ಆಸ್ತಿಯೆಂದರೆ ಒಂದು ಪದವಿ ಪತ್ರ ಮತ್ತು 'ಉತ್ತರದಾಯಿತ್ವ' ಎಂಬ ಒಂದು ಪದ. ಆ ಪದವನ್ನು ನಾನು ಎಷ್ಟು ಧಾರಾಳವಾಗಿ ಬಳಸುತ್ತಿದ್ದೆನೆಂದರೆ, ಹಾಸ್ಟೆಲಿನ ಸಾರು ನೀರಾದ ದಿನ ಅಡುಗೆಯವರಿಂದ ಲಿಖಿತ ವಿವರಣೆ ಕೇಳಿದ್ದೆ. ಅವರಿಗೆ ಬರೆಯಲು ಬರುತ್ತಿರಲಿಲ್ಲ. ಮರುದಿನ ಸಾರೇ ಬರಲಿಲ್ಲ. ಆದರೂ ನಾನು ಧೃತಿಗೆಡಲಿಲ್ಲ. ಅಧಿಕಾರದಲ್ಲಿರುವವರನ್ನು ಪ್ರಶ್ನಿಸುವುದೇ ಓದಿದವರ ಕರ್ತವ್ಯ ಎಂದು ನಂಬಿದ್ದೆ. ಈಗಲೂ ನಂಬಿದ್ದೇನೆ. ಆದರೆ ಪ್ರಶ್ನೆಯನ್ನು ಯಾರ ಕಡೆ ತಿರುಗಿಸಬೇಕು ಎಂಬುದನ್ನು ನನಗೆ ವಿಶ್ವವಿದ್ಯಾಲಯ ಕಲಿಸಲಿಲ್ಲ; ಒಂದು ನಾಯಿ ಕಲಿಸಿತು.

ನನಗೆ ಪಾಠ ಹೇಳಿದ ಪ್ರಾಧ್ಯಾಪಕರೊಬ್ಬರು ಆ ವರ್ಷ ಒಂದು ಸಮೀಕ್ಷೆ ಕೈಗೆತ್ತಿಕೊಂಡಿದ್ದರು. ಅದರ ವಿಷಯ, 'ಆಸ್ಪತ್ರೆಯ ದಾದಿಯರ ಕಾರ್ಯಕ್ಷಮತೆಯ ಮೇಲೆ ಪ್ರಭಾವ ಬೀರುವ ಅಂಶಗಳು'. ಅರವತ್ತನಾಲ್ಕು ಪ್ರಶ್ನೆಗಳ ನಮೂನೆ; ವಯಸ್ಸು, ವಿವಾಹ, ವಿದ್ಯೆ, ವೃತ್ತಿತೃಪ್ತಿ, ಮೇಲಧಿಕಾರಿಯ ಪ್ರೋತ್ಸಾಹ, ಎಲ್ಲಕ್ಕೂ ಒಂದೊಂದು ಚೌಕ. ನನ್ನನ್ನು ಮೂರು ತಿಂಗಳ ಮಟ್ಟಿಗೆ ಕೆ.ಆರ್. ಪೇಟೆಗೂ ನಾಗಮಂಗಲಕ್ಕೂ ನಡುವಿನ ಒಂದು ಊರಿನ ಸರ್ಕಾರಿ ಆಸ್ಪತ್ರೆಗೆ ಕಳಿಸಿದರು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ, ಇದು ಆ ಒಂದು ಊರಿನ ತಪ್ಪು ಎಂದು ಉಳಿದ ಊರುಗಳು ನೆಮ್ಮದಿಯಾಗಿ ನಿದ್ದೆ ಮಾಡಿಯಾವು.

ಬೆಳ್ಳೂರು ಕ್ರಾಸಿನಲ್ಲಿ ಇಳಿದು, ಕಾಫಿ ಕುಡಿದು, ಕೋಳಿಬುಟ್ಟಿಗಳ ನಡುವೆ ಇನ್ನೊಂದು ಬಸ್ಸು ಹತ್ತಿ ಅಲ್ಲಿಗೆ ತಲುಪಿದಾಗ ಸೋನೆ ಹಿಡಿದಿತ್ತು. ಹನ್ನೆರಡು ಹಾಸಿಗೆಗಳ ಆಸ್ಪತ್ರೆ. ಮುಂದೆ ಒಂದು ಹೊಂಗೆಮರ, ಮರದ ಕೆಳಗೆ ಚಕ್ರ ಕಳಚಿಟ್ಟ ಜೀಪು, ಜೀಪಿನ ಕೆಳಗೆ ಮಳೆಗೆ ಮೈಯೊಡ್ಡದೆ ಮಲಗಿದ್ದ ಒಂದು ಕಂದು ನಾಯಿ. ಆಸ್ಪತ್ರೆಯ ಸಿಬ್ಬಂದಿಯಲ್ಲಿ ಕರ್ತವ್ಯದ ವೇಳೆಗೆ ತಪ್ಪದೆ ಹಾಜರಿರುತ್ತಿದ್ದುದು ಅದೊಂದೇ ಎಂದು ಮೊದಲ ದಿನವೇ ದಿನಚರಿಯಲ್ಲಿ ಬರೆದುಕೊಂಡೆ. ವ್ಯಂಗ್ಯ ಚೆನ್ನಾಗಿ ಬಂದಿದೆ ಎನ್ನಿಸಿತ್ತು.

ಇಂಜೆಕ್ಷನ್ ಕೋಣೆಯಲ್ಲಿ ಎರಡು ಮೇಜುಗಳಿದ್ದವು. ಕಿಟಕಿಯ ಪಕ್ಕದ್ದು ಸಿಸ್ಟರ್ ಗೌರಮ್ಮನವರದು. ನಾಗಮಂಗಲದ ಕಡೆಯವರು, ಇಪ್ಪತ್ತು ವರ್ಷ ದಾಟಿದ ಸೇವೆ, ದಪ್ಪ ಕನ್ನಡಕ, ದೊಡ್ಡ ದನಿ. ಬಾಗಿಲ ಪಕ್ಕದ್ದು ಸಿಸ್ಟರ್ ಸುನಂದಾಳದು. ಪಾಂಡವಪುರದವಳು, ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು, ಕೆಲಸಕ್ಕೆ ಸೇರಿ ಎರಡನೆಯ ವರ್ಷ, ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಇಬ್ಬರಿಗೂ ಅದೇ ಔಷಧ, ಅದೇ ಗಾಜಿನ ಸಿರಿಂಜು. ಸೂಜಿಗಳನ್ನು ಬಳಸಿದ ಮೇಲೆ ತೊಳೆದು, ಕುದಿಸಿ, ಮತ್ತೆ ಬಳಸುವ ಕಾಲ ಅಲ್ಲಿ ಇನ್ನೂ ಮುಗಿದಿರಲಿಲ್ಲ. ಕರೆಂಟು ಹೋದಾಗ ಸೀಮೆಎಣ್ಣೆ ಸ್ಟೌವಿನ ಮೇಲೆ ಇಬ್ಬರ ಸೂಜಿತಟ್ಟೆಗಳೂ ಒಂದರ ಪಕ್ಕ ಒಂದು ಕುದಿಯುತ್ತಿದ್ದವು.

ಎರಡು ಮೇಜುಗಳಿದ್ದರೂ ಸಾಲು ಮಾತ್ರ ಒಂದೇ. ಗೌರಮ್ಮನವರ ಮುಂದಿನ ಸಾಲು ಬಾಗಿಲು ದಾಟಿ, ಪಡಸಾಲೆ ದಾಟಿ, ಹೊಂಗೆಮರದವರೆಗೆ ಹೋಗುತ್ತಿತ್ತು. ಸುನಂದಾಳ ಮುಂದೆ ಒಬ್ಬರೋ ಇಬ್ಬರೋ. ಅವರೂ ಪರಊರಿನವರು, ವಿಷಯ ತಿಳಿಯದವರು. ಸಾಲಿನ ತಲೆಯಲ್ಲಿ ಸದಾ ಶೀಳನೆರೆ ಕಡೆಯ ಬೋರಜ್ಜ ಇರುತ್ತಿದ್ದರು. ಮಂಡಿನೋವಿಗೆಂದು ಬರುತ್ತಿದ್ದ ಅವರು ಆಸ್ಪತ್ರೆಯ ವಿಷಯದಲ್ಲಿ ಸುತ್ತಲಿನ ಊರುಗಳಿಗೆಲ್ಲ ಪಂಚಾಯ್ತಿದಾರರಿದ್ದಂತೆ.

"ಅಜ್ಜ, ಆ ಮೇಜು ಖಾಲಿ ಇದೆಯಲ್ಲ, ಅಲ್ಲಿಗೆ ಹೋಗಬಾರದೇ?" ಎಂದು ಕೇಳಿದೆ.

"ಖಾಲಿ ಅದೆ ಅಂತ್ಲೇ ಓಯ್ತಾ ಇಲ್ಲ ಕಣವ್ವ. ಜನ ಇಲ್ದಿರೋ ಓಟ್ಲಲ್ಲಿ ಊಟ ಮಾಡೀಯಾ ನೀನು?"

"ಇಬ್ಬರೂ ಚುಚ್ಚುವುದು ಒಂದೇ ಔಷಧವಲ್ಲವೇ?"

"ಔಸ್ದಿ ಒಂದೇ. ಕೈ ಬ್ಯಾರೆ. ಗೌರಮ್ಮಾರ ಕೈ ಹೂವು. ಚುಚ್ಚುದ್ರಾ ಇಲ್ವಾ ಅಂತ ನಾವೇ ಕೇಳ್ಬೇಕು. ಆ ಹೊಸ ಹುಡ್ಗಿದು ನೇಗ್ಲು ಕಣವ್ವ. ಉತ್ಬುಡ್ತದೆ."

ಸಾಲು ನಕ್ಕಿತು. ಸುನಂದಾ ಕೇಳಿಸದವಳಂತೆ ಹತ್ತಿ ಉಂಡೆ ಕಟ್ಟುತ್ತಿದ್ದಳು. ಕೈಗುಣ. ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿ ಕೈಗುಣ. ನನ್ನ ರಕ್ತ ಕುದಿಯಿತು. ಜನರ ಮೌಢ್ಯದ ಮೇಲೆ ಒಂದು, ಕೆಲಸ ಕಲಿಯದ ಸಿಬ್ಬಂದಿಯ ಮೇಲೆ ಇನ್ನೊಂದು, ಹೀಗೆ ಎರಡು ಲೇಖನಗಳನ್ನು ಮನಸ್ಸಿನಲ್ಲೇ ಬರೆದು ಮುಗಿಸಿದೆ.

ನಮೂನೆ ತುಂಬಿಸುವ ಕೆಲಸ ಶುರುವಾಯಿತು. ಗೌರಮ್ಮನವರು ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು, ಆದರೆ ನನ್ನ ಚೌಕಗಳಲ್ಲಿ ಕೂರುವಂಥವನ್ನಲ್ಲ.

"ನಿಮ್ಮ ವೃತ್ತಿಯಲ್ಲಿ ನಿಮಗೆ ತೃಪ್ತಿ ಇದೆಯೇ? ಸಂಪೂರ್ಣ, ಸ್ವಲ್ಪ ಮಟ್ಟಿಗೆ, ಇಲ್ಲ."

"ಎಷ್ಟೊತ್ನಲ್ಲಿ ಕೇಳ್ತಾ ಇದ್ದೀಯ ನೋಡ್ಕೊ. ಎಂಟು ಗಂಟೇಲಿ ಇರ್ತದೆ. ಅನ್ನೊಂದ್ರಲ್ಲಿ ಇರಾಕಿಲ್ಲ. ಊಟ ಮಾಡುದ್ಮೇಲೆ ವಸಿ ಬತ್ತದೆ."

"ಮೇಲಧಿಕಾರಿಗಳಿಂದ ಪ್ರೋತ್ಸಾಹ?"

"ಡಾಕ್ಟ್ರು ಬಯ್ದೆ ಇದ್ದ ದಿನ್ವ ಪ್ರೋತ್ಸಾಹ ಅಂತ ಬರ್ಕೊ."

ಸುನಂದಾ ಹಾಗಲ್ಲ. ಒಂದೊಂದೇ ಪದದಲ್ಲಿ ಮುಗಿಸುತ್ತಿದ್ದಳು. ನಲವತ್ತೊಂದನೆಯ ಪ್ರಶ್ನೆಯಲ್ಲಿ ಮಾತ್ರ ತಡವರಿಸಿದಳು: ಕೆಲಸಕ್ಕೆ ಅಗತ್ಯವಾದ ಸಾಮಗ್ರಿಗಳು ಲಭ್ಯವಿವೆಯೇ?

"ಸೂಜಿ ಇದಾವೆ ಮೇಡಂ. ಆದರೆ..."

"ಹೌದು, ಇಲ್ಲ. ಎರಡರಲ್ಲಿ ಒಂದು."

ಅವಳು ನನ್ನನ್ನು ಒಂದು ಗಳಿಗೆ ನೋಡಿ, "ಇದಾವೆ" ಎಂದಳು. ನಾನು 'ಹೌದು' ಎಂಬ ಚೌಕಕ್ಕೆ ಗುರುತು ಹಾಕಿದೆ. 'ಆದರೆ'ಗೆ ನಮ್ಮ ನಮೂನೆಯಲ್ಲಿ ಚೌಕವಿರಲಿಲ್ಲ.

ಆಮೇಲೆ ನಾನು ಮಾಡಿದ ಕೆಲಸಕ್ಕೆ ನನ್ನನ್ನು ಯಾರೂ ಪ್ರೇರೇಪಿಸಲಿಲ್ಲ. ಅದರ ಹೊಣೆ ಪೂರ್ತಿ ನನ್ನದೇ. ಮಾಹಿತಿ ಜನರಿಗೆ ಸೇರಿದ್ದು ಎಂದು ವಾದಿಸಿ, ಇಬ್ಬರು ದಾದಿಯರೂ ಪ್ರತಿದಿನ ಕೊಟ್ಟ ಇಂಜೆಕ್ಷನ್‌ಗಳ ಲೆಕ್ಕವನ್ನು ಒಂದು ಡ್ರಾಯಿಂಗ್ ಹಾಳೆಯ ಮೇಲೆ ಎರಡು ಬಣ್ಣದ ಕಂಬಗಳಾಗಿ ಬರೆದು ಪಡಸಾಲೆಯ ಗೋಡೆಗೆ ಅಂಟಿಸಿದೆ. ಗೌರಮ್ಮನವರ ಕಂಬ ಕೆಂಪು, ತೆಂಗಿನಮರದಷ್ಟು. ಸುನಂದಾಳದು ನೀಲಿ, ತೊಂಡೆಕಾಯಷ್ಟು. ಮೇಲೆ ದಪ್ಪಕ್ಷರದಲ್ಲಿ 'ಸಾರ್ವಜನಿಕರ ಮಾಹಿತಿಗಾಗಿ'. ಕೆಲಸ ಮಾಡದವರು ನಾಚಿಕೊಂಡು ತಿದ್ದಿಕೊಳ್ಳಲಿ ಎಂಬುದು ಸಿದ್ಧಾಂತ. ವೈದ್ಯಾಧಿಕಾರಿಗಳು ಬಂದು ನೋಡಿ ಬಹಳ ಸಂತೋಷಪಟ್ಟರು. "ಇದೇ ಬೇಕಾಗಿತ್ತು ನೋಡಿ. ಪಾರದರ್ಶಕತೆ" ಎಂದರು. ತಮ್ಮದೊಂದು ಕಂಬ ಆ ಹಾಳೆಯಲ್ಲಿಲ್ಲ ಎಂಬುದು ಅವರ ಸಂತೋಷದ ಮೂಲ ಎಂದು ನನಗೆ ಆಗ ಹೊಳೆಯಲಿಲ್ಲ.

ಜನ ಆ ಹಾಳೆಯನ್ನು ನಾನು ಬರೆದಂತೆ ಓದಲಿಲ್ಲ. ಬೋರಜ್ಜ ಯಾರಿಂದಲೋ ಓದಿಸಿ, ಕೆಂಪು ಕಂಬವನ್ನು ಊರುಗೋಲಿನಿಂದ ಅಳೆದು, ಸಾಲಿನ ಕಡೆ ತಿರುಗಿ ತೀರ್ಪು ಕೊಟ್ಟರು.

"ನಾನ್ ಏಳ್ತಿರ್ಲಿಲ್ವಾ? ಈಗ ಸರ್ಕಾರ್ದೋರೇ ಅಳ್ದು ಬರ್ದು ಆಕ್ಬುಟ್ಟವ್ರೆ. ಕೈಗುಣ ಗೌರಮ್ಮಾರ್ದು ಇಷ್ಟುದ್ದ. ಆ ಹುಡ್ಗಿದು ಇಷ್ಟೇಯ."

ಮರುದಿನದಿಂದ ಪರಊರಿನವರೂ ಸುನಂದಾಳ ಮೇಜಿನ ಕಡೆ ಸುಳಿಯಲಿಲ್ಲ. ನೀಲಿ ಕಂಬ ತೊಂಡೆಕಾಯಿಯಿಂದ ಮೆಣಸಿನಕಾಯಿಗೆ ಇಳಿಯಿತು. ಗೌರಮ್ಮನವರ ಬಲಗೈ ಬಾತು, ಸಂಜೆ ಹೊತ್ತಿಗೆ ಬಳೆ ತೆಗೆಯಲಾಗದೆ ಅವರು ನನ್ನನ್ನೇ ನೋಡುತ್ತ ಸೋಪು ಹಚ್ಚಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಸುನಂದಾ ನನ್ನ ಬೆಂಚಿನ ಬಳಿ ಬಂದು ನಿಂತಳು.

"ಮೇಡಂ, ನನ್ನ ಪ್ರೊಬೇಷನ್ ರಿಪೋರ್ಟು ಈ ತಿಂಗಳ ಕೊನೆಗೆ ಮೇಲಿನ ಆಫೀಸಿಗೆ ಹೋಗುತ್ತೆ. ಡಾಕ್ಟ್ರು ನಿಮ್ಮ ಪಟ್ಟಿದು ಒಂದು ಕಾಪಿ ಬರೆಸ್ಕೊಂಡು ಅದಕ್ಕೆ ಪಿನ್ ಮಾಡಿದಾರೆ. 'ಸಾರ್ವಜನಿಕರ ವಿಶ್ವಾಸ ಗಳಿಸಿಲ್ಲ' ಅಂತ ಬರೆದಿದಾರೆ. ಹಂಗೇ ಹೋದ್ರೆ ನನ್ನ ಕೆಲಸ ಉಳಿಯೋದು ಕಷ್ಟ."

ನನಗೆ ಕಸಿವಿಸಿಯಾಯಿತು. ಆದರೆ ಕಸಿವಿಸಿಯಾದಾಗ ಪುಸ್ತಕದ ಭಾಷೆ ಆಡುವುದು ನನ್ನ ರೂಢಿ. "ಅಂಕಿಅಂಶಗಳು ವ್ಯಕ್ತಿಯನ್ನು ನೋಡುವುದಿಲ್ಲ ಸಿಸ್ಟರ್" ಎಂದೆ.

"ಹೌದು ಮೇಡಂ. ಸೂಜೀನೂ ನೋಡಲ್ಲ" ಎಂದು ಅವಳು ಹೊರಟುಹೋದಳು.

ಆ ಮಾತು ಏನೆಂದು ಯೋಚಿಸುತ್ತ, ಆ ವಾರದ ಹೊಸ ಹಾಳೆಯನ್ನು ಸುರುಳಿ ಸುತ್ತಿ ಹಿಡಿದು ಹೊಂಗೆಮರದ ಕೆಳಗೆ ನಡೆಯುತ್ತಿದ್ದಾಗ ನಾನು ಜೀಪಿನಿಂದ ಹೊರಚಾಚಿದ್ದ ಒಂದು ಬಾಲವನ್ನು ತುಳಿದೆ. ಕಂದು ನಾಯಿ ನನ್ನ ಎಡಗಾಲಿನ ಮೀನಖಂಡಕ್ಕೆ ಬಾಯಿ ಹಾಕಿ, ನಾಲ್ಕು ಹಲ್ಲುಗಳ ಸ್ಪಷ್ಟ ಗುರುತು ಬಿಟ್ಟು, ಆಸ್ಪತ್ರೆಯ ಹಿಂದಿನ ಕಬ್ಬಿನ ಗದ್ದೆಗೆ ನುಗ್ಗಿತು. ಸಂಜೆಯಾದರೂ ಮರಳಲಿಲ್ಲ. ಎಷ್ಟೋ ವರ್ಷ ಹಾಜರಿ ತಪ್ಪಿಸದಿದ್ದ ಪ್ರಾಣಿ ನನ್ನ ಕಾಲು ಕಚ್ಚಿದ ದಿನವೇ ನಾಪತ್ತೆಯಾಯಿತು.

ವೈದ್ಯಾಧಿಕಾರಿಗಳು ಗಾಯ ನೋಡಿದರು. "ನಾಯಿ ಕಣ್ಣೆದುರಿಗೆ ಇದ್ದಿದ್ರೆ ಹತ್ತು ದಿನ ಕಾದು ನೋಡಬಹುದಿತ್ತು. ಈಗ ರಿಸ್ಕ್ ಬೇಡ. ಹದಿನಾಲ್ಕು" ಎಂದರು. ದಿನಕ್ಕೊಂದರಂತೆ, ಹೊಕ್ಕುಳ ಸುತ್ತ. ಹುಚ್ಚುನಾಯಿ ರೋಗದ ಆ ಲಸಿಕೆ ತಾಲ್ಲೂಕಿನಿಂದ ಐಸು ತುಂಬಿದ ಡಬ್ಬಿಯಲ್ಲಿ, ಡ್ರೈವರನ ಸೀಟಿನ ಪಕ್ಕ ಕುಳಿತು, ಬಸ್ಸಿನಲ್ಲಿ ಬಂತು. ಗೌರಮ್ಮನವರು ಮಾತ್ರ ಬರಲಿಲ್ಲ. ಅವರು ಮಗಳ ಸೀಮಂತಕ್ಕೆಂದು ಹಿಂದಿನ ಸಂಜೆಯೇ ನಾಲ್ಕು ದಿನದ ರಜೆಯ ಮೇಲೆ ನಾಗಮಂಗಲಕ್ಕೆ ಹೋಗಿದ್ದರು.

ನೀಲಿ ಕಂಬದ ಮೇಜಿನ ಮೇಲೆ ನಾನು ಅಂಗಾತ ಮಲಗಿದೆ. ಗೌರಮ್ಮನವರಿಲ್ಲದ್ದರಿಂದ ಇಂಜೆಕ್ಷನ್ ಬೇಡವೆಂದು ಬಾಗಿಲಲ್ಲೇ ಕುಳಿತಿದ್ದ ಜನ ಮರೆಯ ಬಟ್ಟೆಯ ಆಚೆಯಿಂದ ಸಂತಾಪ ಸೂಚಿಸುತ್ತಿದ್ದರು.

"ಅಯ್ಯೋ, ಆ ಕೈಗೇ ಸಿಕ್ಕಾಕ್ಕಂಡ್ಯಲ್ಲ ಮಗಳೇ" ಎಂದರು ಬೋರಜ್ಜ.

"ಉಸಿರು ಬಿಡಿ ಮೇಡಂ" ಎಂದಳು ಸುನಂದಾ.

ನೋವನ್ನು ವರ್ಣಿಸುವುದು ನನ್ನ ಉದ್ದೇಶವಲ್ಲ. ಬೋರಜ್ಜನ ಉಪಮೆಯಲ್ಲಿ ಉತ್ಪ್ರೇಕ್ಷೆ ಇರಲಿಲ್ಲ ಎಂದಷ್ಟೇ ಹೇಳುತ್ತೇನೆ. ಸೂಜಿ ಒಳಗೆ ಹೋಗುವ ಮುನ್ನ ಚರ್ಮದೊಂದಿಗೆ ವಾದ ಮಾಡಿತು. ಹೊರಬರುವಾಗ ಅಲ್ಲೇ ಉಳಿಯುತ್ತೇನೆಂದು ಹಟ ಹಿಡಿಯಿತು. ನಾನು ಕೂಗಿದ್ದು ಹೆರಿಗೆ ವಾರ್ಡಿಗೂ ಕೇಳಿ, ಅಲ್ಲಿದ್ದವರು "ಗಂಡೋ ಹೆಣ್ಣೋ" ಎಂದು ವಿಚಾರಿಸಿದರಂತೆ. ಸುನಂದಾ ಹತ್ತಿಯೊತ್ತಿ ಹಿಡಿದು, ನನ್ನ ಚೀಲದಿಂದ ಇಣುಕುತ್ತಿದ್ದ ನಮೂನೆಯನ್ನು ತೋರಿಸಿ, ಶಾಂತವಾಗಿ ಕೇಳಿದಳು: "ತೃಪ್ತಿ ಎಷ್ಟು ಅಂತ ಹಾಕ್ಲಿ ಮೇಡಂ? ಸಂಪೂರ್ಣ, ಸ್ವಲ್ಪ ಮಟ್ಟಿಗೆ, ಇಲ್ಲ?"

ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಗೌರಮ್ಮನವರು ಬಂದರು. ಸೀಮಂತದ ಊಟದ ವಿವರ ಹೇಳುತ್ತಲೇ ಚುಚ್ಚಿದರು. ಚಿರೋಟಿಯಿಂದ ಶುರುಮಾಡಿದ್ದವರು ಅಂಬೊಡೆಗೆ ಬರುವಷ್ಟರಲ್ಲಿ, "ಏಳವ್ವ, ಆಯ್ತು" ಎಂದರು. ನನಗೆ ಏನೂ ತಿಳಿಯಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ನೋವಿನಿಂದಲ್ಲ, ನಾಚಿಕೆಯಿಂದ. ಸಮಾಜಶಾಸ್ತ್ರದಲ್ಲಿ ಪ್ರಥಮ ದರ್ಜೆ ಪಡೆದ ನಾನು ಕೈಗುಣವನ್ನು ನಂಬತೊಡಗಿದ್ದೆ.

ಆರನೆಯ ದಿನ ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಕೈತೊಳೆಯಲು ಹಿತ್ತಿಲಿಗೆ ಹೋದೆ. ನೀರಿನ ತೊಟ್ಟಿಯ ಪಕ್ಕದಲ್ಲಿ ಗೌರಮ್ಮನವರು ಸೀರೆ ಎತ್ತಿಕಟ್ಟಿ ಕುಳಿತು, ಕನ್ನಡಕವನ್ನು ಹಣೆಗೇರಿಸಿ, ಏನನ್ನೋ ಉಜ್ಜುತ್ತಿದ್ದರು. ಸೋಪಿನ ಬಿಲ್ಲೆಯಷ್ಟು ದೊಡ್ಡ ಒಂದು ಕಪ್ಪು ಕಲ್ಲು. ನಡುವೆ ಸವೆದು ದೋಣಿಯಾಗಿತ್ತು. ಅದರ ಮೇಲೆ ನೀರಿನ ಹನಿ. ಬೆರಳ ತುದಿಯಲ್ಲಿ ಸೂಜಿ. ಸರ್, ಸರ್, ಸರ್. ಆಮೇಲೆ ಆ ಸೂಜಿಯ ಮೊನೆಯನ್ನು ಹತ್ತಿಯ ಮೇಲೆ ಎಳೆದರು. ಹತ್ತಿಯ ಎಳೆ ಸಿಕ್ಕಿಕೊಂಡಿತು. ಮತ್ತೆ ಉಜ್ಜಿದರು, ಮತ್ತೆ ಎಳೆದರು. ಈ ಸಲ ಎಳೆ ಏಳಲಿಲ್ಲ. ಸೂಜಿಯನ್ನು ತಟ್ಟೆಗೆ ಹಾಕಿ ಇನ್ನೊಂದನ್ನು ಎತ್ತಿಕೊಂಡರು.

ನೀರು ಬಿದ್ದ ಕಲ್ಲಿನ ವಾಸನೆ. ನಾನು ಅಲ್ಲೇ ನಿಂತುಬಿಟ್ಟೆ.

"ನೋಡ್ಬುಟ್ಯಾ?" ಎಂದರು ಗೌರಮ್ಮನವರು, ತಲೆಯೆತ್ತದೆ. "ಕೈಗುಣವೂ ಇಲ್ಲ, ಕಾಲ್ಗುಣವೂ ಇಲ್ಲ. ಇದೇ ನೋಡು. ಚಿನಕುರಳಿ ಕಲ್ಲು ಕ್ವಾರೇಲಿ ಕೆಲ್ಸ ಮಾಡೋನು ಒಬ್ಬ ಬೆರ್ಳು ಜಜ್ಕೊಂಡು ಬಂದಿದ್ದ. ತಿಂಗ್ಳು ಡ್ರೆಸ್ಸಿಂಗ್ ಮಾಡ್ದೆ. ವಾಸಿಯಾದ್ಮೇಲೆ ತಂದ್ಕೊಟ್ಟ. 'ಅಕ್ಕಾ, ಇದ್ರಲ್ಲಿ ಏನ್ ಉಜ್ಜುದ್ರೂ ಕೂದ್ಲು ಸೀಳ್ತದೆ' ಅಂದ. ಈ ಸೂಜಿಗ್ಳು ನಾನು ಈ ಆಸ್ಪತ್ರೆಗೆ ಬಂದಾಗ್ಲಿಂದ ಇವೇಯ. ಕುದ್ಸಿ ಕುದ್ಸಿ, ಚುಚ್ಚಿ ಚುಚ್ಚಿ ಮೊನೆ ಕೊಕ್ಕೆ ಆಗೋಗವೆ."

"ಹಾಗಾದರೆ ಸುನಂದಾಗೆ ಯಾಕೆ ಹೇಳಲಿಲ್ಲ? ಅವಳ ಕೆಲಸವೇ ಹೋಗುತ್ತಿದೆಯಲ್ಲ."

"ಏಳ್ದೆ ಕಣವ್ವ. ಬಂದ ಮೊದಲ್ನೇ ವಾರವೇ ಏಳ್ದೆ. 'ತಟ್ಟೆ ತತ್ತಾ, ನಿಂದೂ ಉಜ್ಜಿಕೊಡ್ತೀನಿ' ಅಂದೆ. ಅವಳು ಏನಂದ್ಲು ಗೊತ್ತಾ? 'ಸಿಸ್ಟರ್, ಉಜ್ಜೋದು ನಮ್ಮ ಕೆಲ್ಸ ಅಲ್ಲ, ಹೊಸ ಸೂಜಿ ಕೊಡೋದು ಅವರ ಕೆಲ್ಸ. ನಾವು ಉಜ್ಜಿಕೊಂಡು ಹೋದ್ರೆ ಸೂಜಿ ಮೊಂಡು ಅಂತ ಯಾರ್ಗೂ ಯಾವತ್ತೂ ಗೊತ್ತಾಗಲ್ಲ' ಅಂದ್ಲು. ಅಂದಿದ್ದು ಸರೀಗೇ ಅದೆ. ಆದ್ರೆ ಅಲ್ಲೀಗಂಟ ಚುಚ್ಚುಸ್ಕೊಳೋದು ಡಾಕ್ಟ್ರ ಕುಂಡಿ ಅಲ್ವಲ್ಲ. ಅದುಕ್ಕೆ ನಾನು ಉಜ್ತೀನಿ."

ಇಬ್ಬರೂ ಸರಿ. ಇಬ್ಬರ ನಡುವೆ ನಾನು, ಹೊಟ್ಟೆಯ ಮೇಲೆ ಅರ್ಧ ಡಜನ್ ತೂತುಗಳೊಂದಿಗೆ.

ಸುನಂದಾಳ ಬಳಿಗೆ ಹೋಗಿ, "ನಲವತ್ತೊಂದನೆಯ ಪ್ರಶ್ನೆ. ಅವತ್ತು 'ಆದರೆ' ಅಂದಿರಿ. ಆಮೇಲೆ ಏನಿತ್ತು?" ಎಂದು ಕೇಳಿದೆ.

ಅವಳು ಮೇಜಿನ ಖಾನೆ ತೆಗೆದು ಒಂದು ಕಂತೆ ಕಾಗದ ಹೊರಗಿಟ್ಟಳು. ಹೊಸ ಸೂಜಿಗಳಿಗಾಗಿ ವೈದ್ಯಾಧಿಕಾರಿಗಳಿಗೆ ಬರೆದ ಬೇಡಿಕೆ ಪತ್ರಗಳು. ಆಸ್ಪತ್ರೆಯ ಮಾತಿನಲ್ಲಿ ಇಂಡೆಂಟು. ಒಂಬತ್ತಿದ್ದವು. ಮುತ್ತಿನಂಥ ಅಕ್ಷರ. ಒಂದೊಂದರ ಅಂಚಿನಲ್ಲೂ ಕೆಂಪು ಶಾಯಿಯಲ್ಲಿ ಒಂದೇ ಸಾಲು: 'ಇರುವುದರಲ್ಲೇ ನಿಭಾಯಿಸಿ'. ಯಾವುದೂ ಆಸ್ಪತ್ರೆಯ ಗೇಟು ದಾಟಿ ಮೇಲಿನ ಕಚೇರಿಯ ಮುಖ ನೋಡಿರಲಿಲ್ಲ.

ನಾನು ಓದಿದ ಪುಸ್ತಕಗಳ ತಿರುಳೇನೋ ಅದನ್ನು ಈ ಹೆಣ್ಣುಮಗಳು ಒಂಬತ್ತು ಸಲ ಬರೆದು ಸಹಿ ಹಾಕಿದ್ದಳು. ಅಧಿಕಾರದಲ್ಲಿರುವವರನ್ನು ಇಡೀ ಆಸ್ಪತ್ರೆಯಲ್ಲಿ ಪ್ರಶ್ನಿಸಿದ್ದವಳು ಇವಳೊಬ್ಬಳೇ. ನಾನು ಬಣ್ಣದ ಪೆನ್ಸಿಲು ಹಿಡಿದು ಬಂದು ಅವಳನ್ನೇ ಕೊನೆಯ ಸ್ಥಾನದಲ್ಲಿ ನಿಲ್ಲಿಸಿ, ಗೋಡೆಗೆ ಅಂಟಿಸಿದ್ದೆ. ಕೆಂಪು ಶಾಯಿಯವರು "ಪಾರದರ್ಶಕತೆ" ಎಂದು ಬೆನ್ನು ತಟ್ಟಿದಾಗ ಬೀಗಿದ್ದೆ. ವ್ಯವಸ್ಥೆ ತನ್ನ ಲೋಪವನ್ನು ಅತ್ಯಂತ ಕೆಳಗಿರುವವರ ಕೈಗೆ ಅಂಟಿಸಿಬಿಡುತ್ತದೆ. ಅಂಟಿಸಲು ಬೇಕಾದ ಗೋಂದನ್ನು ನಮ್ಮಂಥ ಓದಿದವರೇ ಕಲಸಿಕೊಡುತ್ತೇವೆ.

ಆದರೆ ನನ್ನ ಊಹೆಯನ್ನು ಸಾಬೀತುಪಡಿಸಬೇಕಲ್ಲ. ಇನ್ನೂ ಎಂಟು ಇಂಜೆಕ್ಷನ್‌ಗಳು ಬಾಕಿ ಇದ್ದವು. ಏಳನೆಯ ದಿನ ಗೌರಮ್ಮನವರನ್ನು ಒಪ್ಪಿಸಿ ಸುನಂದಾಳ ತಟ್ಟೆಯ ಮೊಂಡು ಸೂಜಿಯಿಂದ ಚುಚ್ಚಿಸಿಕೊಂಡೆ. ನಾನು ಮತ್ತೆ ಕೂಗಿದೆ. ಎಂಟನೆಯ ದಿನ ಗೌರಮ್ಮನವರು ಉಜ್ಜಿದ ಸೂಜಿಯಿಂದ ಸುನಂದಾ ಚುಚ್ಚಿದಳು. ಹೂವು. ಮರೆಯ ಬಟ್ಟೆ ಸರಿಸಿ ಸಾಲಿನ ಮುಂದೆ ವಿಜಯೋತ್ಸಾಹದಿಂದ ಘೋಷಿಸಿದೆ: "ನೋಡಿದಿರಾ? ನೆನ್ನೆ ಗೌರಮ್ಮನವರು ಚುಚ್ಚಿದಾಗ ಕೂಗಿದೆ, ಇವತ್ತು ಇವರು ಚುಚ್ಚಿದಾಗ ಕೂಗಲಿಲ್ಲ. ಇದರಿಂದ ಏನು ತಿಳಿಯುತ್ತದೆ?"

ಬೋರಜ್ಜ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಾಯಿ ಕಚ್ಚಿದ ಮೈ ಕಣವ್ವ. ಒಂದಿನ ಇದ್ದಂಗೆ ಒಂದಿನ ಇರಾಕಿಲ್ಲ" ಎಂದು ಮರುಕದಿಂದ ಹೇಳಿದರು. ಸಾಲು ಒಪ್ಪಿತು. ಒಂದಿಬ್ಬರು ನನ್ನಿಂದ ಸ್ವಲ್ಪ ಹಿಂದೆ ಸರಿದರು.

ಪ್ರಾಧ್ಯಾಪಕರಿಗೆ ಪತ್ರ ಬರೆದೆ. ಕಾರ್ಯಕ್ಷಮತೆಯ ಮೇಲೆ ಪ್ರಭಾವ ಬೀರುವ ಪ್ರಮುಖ ಅಂಶ ಸಿಕ್ಕಿದೆ, ಸೂಜಿಯ ಮೊನೆ ಎಂದೆ. ಮರುಟಪಾಲಿನಲ್ಲಿ ಉತ್ತರ ಬಂತು: ನಮ್ಮ ನಮೂನೆಯಲ್ಲಿ ಸೂಜಿಗೆ ಅವಕಾಶವಿಲ್ಲ, 'ಇತರೆ' ಎಂಬ ಕಡೆ ನಮೂದಿಸಿ.

ನಾನು ಗೋಡೆಯ ಮೇಲೆ ನಮೂದಿಸಿದೆ. ಹತ್ತನೆಯ ದಿನ ಬೆಳಿಗ್ಗೆ, ಸುನಂದಾಳ ಒಪ್ಪಿಗೆ ಪಡೆದು, ಬಣ್ಣದ ಕಂಬಗಳನ್ನು ಕಿತ್ತು, ಆ ಜಾಗದಲ್ಲಿ ಒಂಬತ್ತು ಇಂಡೆಂಟುಗಳ ನಕಲನ್ನು ಸಾಲಾಗಿ ಅಂಟಿಸಿದೆ. ಕೆಂಪು ಶಾಯಿಯ ಸಾಲನ್ನು ಕೆಂಪು ಶಾಯಿಯಲ್ಲೇ ಬರೆದೆ. ಮೇಲೆ ಅದೇ ದಪ್ಪಕ್ಷರ, 'ಸಾರ್ವಜನಿಕರ ಮಾಹಿತಿಗಾಗಿ'. ಬೋರಜ್ಜ ಓದಿಸಿಕೊಂಡರು. ಒಂಬತ್ತನ್ನೂ ಓದಿಸಿಕೊಂಡರು. ಕೈ ತಾನಾಗಿ ಅವರ ಸೊಂಟದ ಹಿಂಭಾಗಕ್ಕೆ ಹೋಯಿತು.

"ಅಂಗಾದ್ರೆ ಈಟು ವರ್ಸದಿಂದ ನಮ್ಗೆ ಚುಚ್ತಾ ಇದ್ದದ್ದು ಒಂದೇ ಸೂಜಿನಾ? ನಮ್ಮಣ್ಣಂಗೂ ಇದೇಯ, ನಂಗೂ ಇದೇಯ?"

ಕೈಗುಣದ ಬಗ್ಗೆ ನಾನು ಮಾಡಿದ ಉಪನ್ಯಾಸ ಯಾರಿಗೂ ನಾಟಿರಲಿಲ್ಲ. ಒಂದೇ ಸೂಜಿ ಎಂಬುದು ಎಲ್ಲರಿಗೂ ನಾಟಿತು. ಅಂದಿನಿಂದ ವೈದ್ಯಾಧಿಕಾರಿಗಳು ಚೀಟಿಯಲ್ಲಿ ಇಂಜೆಕ್ಷನ್ ಎಂದು ಬರೆದ ಕೂಡಲೇ ರೋಗಿ ಎದ್ದು ಹೋಗದೆ ಅಲ್ಲೇ ಕೂರತೊಡಗಿದ.

"ಸೂಜಿ ಒಸದಾ ಸಾರ್?"

"ಚೆನ್ನಾಗಿದೆ, ಹೋಗಪ್ಪ."

"ಅಲ್ಲ ಸಾರ್, ಗ್ವಾಡೇಲಿ ಬರ್ದವ್ರಲ್ಲ, ಅದುಕ್ಕೆ ಕೇಳ್ದೆ. ತಾವು ಯಾವ್ ಸೂಜೀಲಿ ಚುಚ್ಚುಸ್ಕೊತೀರಿ ಸಾರ್?"

ಎರಡು ದಿನ ಇದು ನಡೆದ ಮೇಲೆ ವೈದ್ಯಾಧಿಕಾರಿಗಳು ನನ್ನನ್ನು ಕರೆಸಿದರು. ಮುಖದಲ್ಲಿ ನಿದ್ದೆ ಇರಲಿಲ್ಲ. "ಅದನ್ನ ತೆಗೀರಿ ಮೇಡಂ."

"ಮೊದಲನೆಯ ಪಟ್ಟಿ ಹಾಕಿದಾಗ ಪಾರದರ್ಶಕತೆ ಅಂದಿರಲ್ಲ ಸಾರ್."

"ಸೂಜಿ ಕೇಳಿದ್ರೆ ಹಳೇದು ಏನಾಯ್ತು, ಯಾಕೆ ಹಾಳಾಯ್ತು ಅಂತ ಹತ್ತು ಕಾಗದ ಬರ್ತವೆ. ನಿಮಗೆ ಆಡಳಿತ ಗೊತ್ತಿಲ್ಲ."

"ಸಿಸ್ಟರ್ ಸುನಂದಾ ಒಂಬತ್ತು ಕಾಗದ ಬರೆದಿದ್ದಾರೆ. ನೀವು ಒಂದು ಬರೆದರೆ ಹತ್ತಾಗುತ್ತದೆ. ಅದರ ಜೊತೆಗೆ ಅವರ ರಿಪೋರ್ಟು. ಈ ಗೋಡೆ ಇಲ್ಲಿರುವಾಗ ಆ ಪಟ್ಟಿಯನ್ನು ಪಿನ್ ಮಾಡಿ ಮೇಲಕ್ಕೆ ಕಳಿಸಿದರೆ, ಅಲ್ಲಿಂದ ಯಾರಾದರೂ ನೋಡಲು ಬಂದರೆ, ಯಾವುದನ್ನು ಮೊದಲು ಓದುತ್ತಾರೆ ಸಾರ್?"

ಅವರು ಒಂದು ಸಲ ಪೇಪರ್‌ವೇಟನ್ನು ತಿರುಗಿಸಿದರು. ಆಮೇಲೆ ಸುನಂದಾಳ ಫೈಲು ತೆಗೆದು, ನನ್ನ ಕಂಬಗಳ ನಕಲಿನ ಪಿನ್ನನ್ನು ಉಗುರಿನಿಂದ ಬಿಡಿಸಿದರು. ಬೆರಳಿಗೆ ಚುಚ್ಚಿಕೊಂಡರು. ಆ ಆಸ್ಪತ್ರೆಯಲ್ಲಿ ಮೊನೆ ಇದ್ದದ್ದು ಪಿನ್ನಿಗೆ ಮಾತ್ರ. ಬೆರಳು ಚೀಪುತ್ತಲೇ ಹಳೆಯ ಸಾಲು ಹೊಡೆದು, 'ಸೇವೆ ತೃಪ್ತಿಕರ' ಎಂದು ಬರೆದು, ಅದೇ ಕೆಂಪು ಶಾಯಿಯಲ್ಲಿ ಸಹಿ ಮಾಡಿದರು; ಸೂಜಿಗಾಗಿ ಮೇಲಿನ ಕಚೇರಿಗೂ ಒಂದು ಕಾಗದ ಬರೆದರು.

ಹದಿಮೂರನೆಯ ದಿನದ ಬಸ್ಸಿನಲ್ಲಿ, ಡ್ರೈವರನ ಸೀಟಿನ ಪಕ್ಕ, ಸೂಜಿಗಳ ಒಂದು ಪುಟ್ಟ ಪೆಟ್ಟಿಗೆ ಬಂತು. ಹದಿನಾಲ್ಕನೆಯ ದಿನ ಸುನಂದಾ ಹೊಸ ಸೂಜಿಯನ್ನು ಕುದಿಸಿ ನನಗೆ ಕೊನೆಯ ಇಂಜೆಕ್ಷನ್ ಕೊಟ್ಟಳು. ನಾನು ಕೂಗಲಿಲ್ಲ. ಎದ್ದು ಹೊರಗೆ ಬಂದರೆ ಜೀಪಿನ ಕೆಳಗೆ ಕಂದು ನಾಯಿ ಮಲಗಿತ್ತು; ಕಬ್ಬಿನ ಗದ್ದೆಯ ಇಲಿ ತಿಂದು ಮೈ ತುಂಬಿಕೊಂಡು, ಪೂರ್ಣ ಆರೋಗ್ಯದಿಂದ. ನನ್ನನ್ನು ನೋಡಿ ಬಾಲವನ್ನು ಮಾತ್ರ ಒಳಗೆಳೆದುಕೊಂಡಿತು.

ಒಳಗೆ ಬೋರಜ್ಜ, ಯಾರೂ ಒತ್ತಾಯಿಸದೆ, ಬಾಗಿಲ ಪಕ್ಕದ ಮೇಜಿಗೆ ಹೋಗಿದ್ದರು. ಇಡೀ ಸಾಲು ಕತ್ತು ಚಾಚಿ ಕಾಯಿತು. ಅವರು ಪಂಚೆ ಸರಿಪಡಿಸಿಕೊಂಡು ಮರೆಯಿಂದ ಹೊರಬಂದು ತೀರ್ಪು ಕೊಟ್ಟರು.

"ಪರ್ವಾಗಿಲ್ಲ ಕಣ್ರಲಾ. ಗೌರಮ್ಮಾರ ಕೈ ನೋಡಿ ನೋಡಿ ಕಲ್ತ್ಕೊಂಡ್ಬುಟ್ಟವ್ಳೆ."

ಸಾಲು ಎರಡಾಯಿತು. ಗೌರಮ್ಮನವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, ಬಾತ ಕೈಯನ್ನು ಮೊದಲ ಸಲ ಮಡಿಲಲ್ಲಿಟ್ಟುಕೊಂಡರು. ನಾನು ಬೋರಜ್ಜನಿಗೆ ಸತ್ಯ ವಿವರಿಸಲು ಬಾಯಿ ತೆರೆದೆ. ಸುನಂದಾ ತಲೆಯಾಡಿಸಿ ಬೇಡವೆಂದಳು. ಅವಳಿಗೆ ಬೇರೆ ಕೆಲಸವಿತ್ತು. ಹೊಸ ಪೆಟ್ಟಿಗೆಯ ಅರ್ಧದಷ್ಟು ಸೂಜಿಗಳನ್ನು ಇನ್ನೂ ಕಾಗದದಿಂದ ಬಿಚ್ಚಿರಲಿಲ್ಲ. ಅವಳಾಗಲೇ ಕಾರ್ಬನ್ ಹಾಳೆ ಇಟ್ಟು, ಮುತ್ತಿನಂಥ ಅಕ್ಷರದಲ್ಲಿ, ಹತ್ತನೆಯ ಇಂಡೆಂಟು ಬರೆಯುತ್ತಿದ್ದಳು.

"ಈಗ ತಾನೇ ಬಂದಿದೆಯಲ್ಲ ಸಿಸ್ಟರ್" ಎಂದೆ.

"ಇವೂ ಮೊಂಡಾಗ್ತವೆ ಮೇಡಂ" ಎಂದು ಅವಳು ಸಹಿ ಮಾಡಿ, ಅಡಿಯ ನಕಲನ್ನು ಹರಿದು ನನ್ನ ಕೈಗಿತ್ತಳು. "ನಿಮ್ಮ ಗೋಂದು ಇನ್ನೂ ಉಳಿದಿದ್ರೆ ಇದನ್ನೂ ಗೋಡೆಗೆ ಹಾಕಿ."